ಮನೆ ಕಾಯಲು ನಾಯಿ: ದೊಡ್ಡದೋ, ಸಣ್ಣದೋ?

(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಹಿಂದಿನ ಸಭೆಯಲ್ಲಿ ಮಹಿಳೆಯರ ಸುರಕ್ಷತೆಯ ಬಗ್ಗೆ ಚರ್ಚೆ ನಡೆದಾಗ ಸೇಫ್ಟಿ ಡೋರ್, ಕ್ಯಾಮೆರಾ, ವಾಚ್‌ಮನ್ ಎಲ್ಲ ಮಾತಿಗೆ ಬಂದವು. ಕೊನೆಗೆ ಯಾರೋ, "ಒಂದು ನಾಯಿ ತಂದುಬಿಟ್ಟರೆ ಮುಗೀತಲ್ಲ" ಅಂದರು. ಪುಣೆಯಲ್ಲಿ 26 ವರ್ಷಗಳಿಂದ ಪಶುವೈದ್ಯೆಯಾಗಿ ನಾಯಿಬೆಕ್ಕುಗಳ ಜೊತೆಯೇ ಇರುವವಳು ನಾನು. ಹಾಗಾಗಿ ಈ ತಿಂಗಳ ಮಾತು ನನ್ನ ಪಾಲಿಗೆ ಬಂತು. ನಾಯಿ ತಂದರೆ ಮುಗಿಯುವುದಿಲ್ಲ, ಅಲ್ಲಿಂದಲೇ ಶುರುವಾಗುವುದು. ಎಂಥ ನಾಯಿ ತರುತ್ತೀರಿ ಎನ್ನುವುದರ ಮೇಲೆ ಮುಂದಿನ 10-15 ವರ್ಷ ಮನೆಯಲ್ಲಿ ಯಾರು ಹೇಗಿರುತ್ತಾರೆ ಅನ್ನುವುದು ನಿಂತಿರುತ್ತದೆ.

ನನ್ನ ದವಾಖಾನೆಗೆ ಬರುವ ಒಬ್ಬ ತಂಗಿ ಒಮ್ಮೆ ಫೋನ್ ಮಾಡಿ ಕೇಳಿದ್ದು ಹೀಗೆ: "ಡಾಕ್ಟ್ರೇ, ನಮ್ಮನಿಯವರು ತಿಂಗಳದಾಗ ಇಪ್ಪತ್ತು ದಿವಸ ಟೂರ್ ಮ್ಯಾಲೆ ಇರ್ತಾರ್ರಿ. ರಾತ್ರಿ ಲಿಫ್ಟಿನ ಸಪ್ಪಳ ಕೇಳಿದ್ರೂ ಎದಿ ಝಲ್ ಅಂತದ. ಅವರು ರಾಟ್‌ವೈಲರ್ ತರೋಣ ಅಂತಾರ. ಅತ್ತಿಯವರು ಸಣ್ಣ ಬಿಳಿ ನಾಯಿ ಸಾಕು ಅಂತಾರ. ನೀವ ಹೇಳ್ರಿ, ಯಾವುದು ತರಲಿ?" ಮನೆ ಮೊದಲನೇ ಮಹಡಿಯ ಎರಡು ಬೆಡ್‌ರೂಮಿನ ಫ್ಲ್ಯಾಟ್. ಮನೆಯಲ್ಲಿ ಅವಳು, ಐದನೇ ತರಗತಿಯ ಮಗಳು, ಮಂಡಿನೋವಿನ ಅತ್ತೆ. ನಮ್ಮಲ್ಲಿ ಎಷ್ಟೋ ಜನರ ಮನೆ ಹೀಗೇ ಇದೆ. ಅದಕ್ಕೇ ಇವತ್ತಿನ ಮಾತಿಗೆ ಈ ಮನೆಯನ್ನೇ ಕಣ್ಣ ಮುಂದೆ ಇಟ್ಟುಕೊಳ್ಳೋಣ.

ದೊಡ್ಡದೋ ಸಣ್ಣದೋ ಎಂದು ಕೇಳುವ ಮೊದಲು ಇನ್ನೊಂದು ಪ್ರಶ್ನೆ ಕೇಳಬೇಕು. "ಕಾಯುವುದು" ಅಂದರೆ ಏನು? ಅದರಲ್ಲಿ ಎರಡು ಕೆಲಸ ಇವೆ. ಒಂದು, ಯಾರೋ ಬಂದರು ಎಂದು ಕೂಗಿ ಹೇಳುವುದು. ಎರಡು, ಬಂದವರನ್ನು ತಡೆಯುವುದು. ಇವೆರಡೂ ಬೇರೆ ಬೇರೆ ಕೆಲಸ, ಇವಕ್ಕೆ ಬೇರೆ ಬೇರೆ ನಾಯಿ ಬೇಕು. ಟಿಬೆಟ್ಟಿನ ಬೌದ್ಧ ಮಠಗಳಲ್ಲಿ ಈ ಲೆಕ್ಕ ಬಹಳ ಹಿಂದೆಯೇ ಸ್ಪಷ್ಟವಾಗಿತ್ತು. ಹೊರ ಬಾಗಿಲಲ್ಲಿ ಭಾರಿ ಗಾತ್ರದ ಟಿಬೆಟನ್ ಮ್ಯಾಸ್ಟಿಫ್ ಕಟ್ಟಿರುತ್ತಿದ್ದರು, ಒಳಗೆ ಏಳೆಂಟು ಕಿಲೋದ ಲಾಸಾ ಆಪ್ಸೊ ಇರುತ್ತಿತ್ತು. ಒಳಗಿನ ಸಣ್ಣದು ಕಿವಿ, ಹೊರಗಿನ ದೊಡ್ಡದು ಹಲ್ಲು.

ನಮ್ಮ ಫ್ಲ್ಯಾಟುಗಳಿಗೆ ಹೊರ ಅಂಗಳವೇ ಇಲ್ಲ. ಇರುವುದು ಒಂದು ಬಾಗಿಲು, ಅದರ ಮುಂದೆ ಒಂದು ಜಾಲರಿ ಬಾಗಿಲು. ತಡೆಯುವ ಕೆಲಸವನ್ನು ಆ ಜಾಲರಿ, ಚಿಲಕ, ಒಳಗಿನ ಸರಪಳಿ ಮಾಡುತ್ತವೆ. ಅವು ಊಟ ಕೇಳುವುದಿಲ್ಲ, ವಾಕಿಂಗ್ ಕೇಳುವುದಿಲ್ಲ, ಪಕ್ಕದ ಮನೆಯ ಮಗುವನ್ನು ಕಚ್ಚುವುದಿಲ್ಲ. ನಾಯಿಯಿಂದ ನಮಗೆ ಬೇಕಾದದ್ದು ಮೊದಲನೇ ಕೆಲಸ. ಮನುಷ್ಯರ ಕಿವಿಗೆ ಸುಮಾರು 20,000 ಹರ್ಟ್ಜ್‌ವರೆಗಿನ ಸದ್ದು ಕೇಳಿದರೆ, ನಾಯಿಗೆ ಸುಮಾರು 45,000 ಹರ್ಟ್ಜ್‌ವರೆಗೂ ಕೇಳುತ್ತದೆ. ನಮಗೆ ಕೇಳದ ಸಣ್ಣ ಸಪ್ಪಳ ಅದಕ್ಕೆ ಕೇಳುತ್ತದೆ. ಈ ಕಿವಿ ಐದು ಕಿಲೋದ ನಾಯಿಗೂ ಇದೆ, ಐವತ್ತು ಕಿಲೋದ ನಾಯಿಗೂ ಇದೆ.

"ಬೊಗಳೋ ನಾಯಿ ಕಚ್ಚೋದಿಲ್ಲ" ಅಂತ ಗಾದೆ ಹೇಳಿ ಸಣ್ಣ ನಾಯಿಗಳನ್ನು ಹಗುರವಾಗಿ ಕಾಣುತ್ತೇವೆ. ವೈದ್ಯೆಯಾಗಿ ಹೇಳುತ್ತೇನೆ, ಬೊಗಳುವ ನಾಯಿಯೂ ಕಚ್ಚುತ್ತದೆ, ಗಾದೆ ನಂಬಿ ಕೈ ಚಾಚಬೇಡಿ. ಆದರೆ ಫ್ಲ್ಯಾಟಿಗೆ ಬೇಕಾದದ್ದು ಬೊಗಳುವ ನಾಯಿಯೇ. ಅದು ಬೊಗಳಿದರೆ ನಿಮಗೆ ಎಚ್ಚರವಾಗುತ್ತದೆ, ಎದುರು ಮನೆಯವರಿಗೆ ಎಚ್ಚರವಾಗುತ್ತದೆ. ಮೂರು ಮನೆಯಲ್ಲಿ ದೀಪ ಹತ್ತಿದ ಮೇಲೆ ಯಾವ ಕಳ್ಳನಿಗೂ ಅಲ್ಲಿ ನಿಲ್ಲುವ ಮನಸ್ಸಾಗುವುದಿಲ್ಲ.

ಈಗ ಸಣ್ಣ ತಳಿಗಳನ್ನು ನೋಡೋಣ. ನಾವೆಲ್ಲ "ಪಾಮೇರಿಯನ್" ಅನ್ನುವ ಬಿಳಿ ನಾಯಿ ಬಹುಪಾಲು ಪಾಮೇರಿಯನ್ ಅಲ್ಲ, ಇಂಡಿಯನ್ ಸ್ಪಿಟ್ಜ್. 1994ರ 'ಹಮ್ ಆಪ್ಕೇ ಹೈ ಕೌನ್' ಸಿನಿಮಾದ ಟಫಿ ನೆನಪಿದೆಯಲ್ಲ, ಅದೇ. ತೂಕ ಸಾಮಾನ್ಯವಾಗಿ ಐದರಿಂದ ಏಳು ಕಿಲೋ. ನಮ್ಮ ಹವೆಗೆ ಒಗ್ಗಿದೆ, ಚುರುಕು, ಅಪರಿಚಿತರನ್ನು ಕಂಡರೆ ಸುಮ್ಮನಿರುವುದಿಲ್ಲ. ಕೂದಲು ಉದುರುತ್ತದೆ, ದಿನಾ ಬಾಚಬೇಕು. ಮತ್ತೆ, ಬೊಗಳುವುದನ್ನು ನಿಲ್ಲಿಸುವುದನ್ನೂ ಕಲಿಸಬೇಕು. ಇಲ್ಲದಿದ್ದರೆ ಕಳ್ಳ ಬರುವ ಮೊದಲೇ ಸೊಸೈಟಿಯ ಸೆಕ್ರೆಟರಿ ಬಂದು ಬಾಗಿಲು ಬಡಿಯುತ್ತಾರೆ.

ಡ್ಯಾಶ್‌ಹಂಡ್ ಇನ್ನೊಂದು. ಜರ್ಮನಿಯಲ್ಲಿ ಬ್ಯಾಡ್ಜರ್ ಎಂಬ ಪ್ರಾಣಿಯನ್ನು ಬಿಲದೊಳಗೆ ನುಗ್ಗಿ ಬೇಟೆಯಾಡಲು ಬೆಳೆಸಿದ ತಳಿ. ಕಾಲು ಗಿಡ್ಡ, ಎದೆ ದೊಡ್ಡದು, ಧೈರ್ಯ ಅದಕ್ಕಿಂತ ದೊಡ್ಡದು. ಮುಚ್ಚಿದ ಬಾಗಿಲ ಹಿಂದಿನಿಂದ ಅದರ ದನಿ ಕೇಳಿದವರಿಗೆ ಒಳಗಿರುವುದು ದೊಡ್ಡ ನಾಯಿಯೇ ಅನ್ನಿಸುತ್ತದೆ. ಅದರ ದುರ್ಬಲ ಜಾಗ ಬೆನ್ನು. ಸೋಫಾದಿಂದ ಹಾರುವುದು, ಮೆಟ್ಟಿಲು ಹತ್ತಿ ಇಳಿಯುವುದು, ತೂಕ ಏರುವುದು, ಇವುಗಳಿಂದ ಬೆನ್ನುಮೂಳೆಯ ನಡುವಿನ ಡಿಸ್ಕ್ ಜಾರಿ ಹಿಂಗಾಲು ಬಿದ್ದುಹೋದ ಡ್ಯಾಶ್‌ಹಂಡ್‌ಗಳನ್ನು ನಾನು ಬಹಳ ನೋಡಿದ್ದೇನೆ. ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿಗೆ ಇದನ್ನು ತರಬೇಡಿ, ತಂದರೆ ಎತ್ತಿಕೊಂಡು ಓಡಾಡಿ.

ಲಾಸಾ ಆಪ್ಸೊ ಮನೆಯವರಿಗೆ ಮೆತ್ತಗೆ, ಹೊರಗಿನವರಿಗೆ ಬಿಗಿ. ಆದರೆ ಚಿಕ್ಕ ಮಕ್ಕಳು ಎಳೆದಾಡಿದರೆ ಸಹಿಸುವುದಿಲ್ಲ, ಉದ್ದ ಕೂದಲಿನ ಆರೈಕೆಗೆ ಸಮಯ ಬೇಕು. ಮಿನಿಯೇಚರ್ ಪಿನ್ಷರ್ ಅನ್ನು ಅನೇಕರು ಡಾಬರ್‌ಮನ್‌ನ ಚಿಕ್ಕ ರೂಪ ಅಂದುಕೊಂಡಿದ್ದಾರೆ, ಅದು ಬೇರೆಯೇ ತಳಿ. ನಾಲ್ಕೈದು ಕಿಲೋ ಇದ್ದರೂ ಬಾಗಿಲಿಗೆ ಮೊದಲು ಓಡುವುದು ಅದೇ. ಬಾಗಿಲು ತೆರೆದಿದ್ದರೆ ಮೆಟ್ಟಿಲಿಳಿದು ಓಡಿಹೋಗುವುದೂ ಅದೇ. ಈ ಎಲ್ಲ ಸಣ್ಣ ನಾಯಿಗಳಿಗೂ ಕತ್ತಿನ ಬೆಲ್ಟಿಗಿಂತ ಎದೆಗೆ ಹಾಕುವ ಹಾರ್ನೆಸ್ ಒಳ್ಳೆಯದು. ಕತ್ತು ಜಗ್ಗಿದರೆ ಶ್ವಾಸನಾಳಕ್ಕೆ ಪೆಟ್ಟು.

ಕಾವಲಿಗೆಂದು ಪಗ್ ತರುವವರಿದ್ದಾರೆ. ಅದು ಮುದ್ದಿಗೆ ಸರಿ, ಕಾವಲಿಗಲ್ಲ. ಚಪ್ಪಟೆ ಮೂಗಿನಿಂದಾಗಿ ಬೇಸಿಗೆಯಲ್ಲಿ ಉಸಿರಾಟವೇ ಕಷ್ಟ. ಲ್ಯಾಬ್ರಡಾರ್ ಗಾತ್ರ ನೋಡಿ ಹೆದರುವವರು ಹೆದರಬಹುದು. ಹೆದರದೆ ಒಳಗೆ ಬಂದವನಿಗೆ ಅದು ಚೆಂಡು ತಂದುಕೊಟ್ಟೀತು.

ಇನ್ನು ದೊಡ್ಡ ತಳಿಗಳು. ಜರ್ಮನ್ ಶೆಫರ್ಡ್ ಕುರಿ ಕಾಯಲು ರೂಪುಗೊಂಡ ನಾಯಿ, 1899ರಿಂದ ತಳಿಯಾಗಿ ದಾಖಲಾಗಿದೆ. ರಾಟ್‌ವೈಲರ್‌ಗೆ ಜರ್ಮನಿಯ ರಾಟ್‌ವೈಲ್ ಎಂಬ ಊರಿನ ಹೆಸರು. ಅಲ್ಲಿಯ ಕಟುಕರು ದನ ಹೊಡೆದುಕೊಂಡು ಹೋಗಲು, ಗಾಡಿ ಎಳೆಸಲು ಸಾಕುತ್ತಿದ್ದರು. ಡಾಬರ್‌ಮನ್ ಅನ್ನು ರೂಪಿಸಿದವನು ಅಪೋಲ್ಡಾ ಊರಿನ ತೆರಿಗೆ ವಸೂಲಿಗಾರ ಕಾರ್ಲ್ ಫ್ರೀಡ್ರಿಖ್ ಲೂಯಿ ಡಾಬರ್‌ಮನ್. ಹಣ ತೆಗೆದುಕೊಂಡು ಓಡಾಡುವಾಗ ಜೊತೆಗಿರಲಿ ಅಂತ ಬೆಳೆಸಿದನೆಂದು ಹೇಳುತ್ತಾರೆ. ಮೂರೂ ದಿನವಿಡೀ ದುಡಿಯಲು ಹುಟ್ಟಿದ ನಾಯಿಗಳು. ಅವುಗಳನ್ನು ಏಳುನೂರು ಚದರಡಿಯ ಮನೆಯಲ್ಲಿ ಸುಮ್ಮನೆ ಕೂರಿಸಿದರೆ ತಾವೇ ಕೆಲಸ ಹುಡುಕಿಕೊಳ್ಳುತ್ತವೆ. ಮೊದಲು ಚಪ್ಪಲಿ, ಆಮೇಲೆ ಸೋಫಾ, ಆಮೇಲೆ ಹಾಲಿನವನು.

ಈ ನಾಯಿಗಳ ವಿರುದ್ಧ ನಾನು ಒಂದು ಮಾತನ್ನೂ ಆಡುವುದಿಲ್ಲ. ಚೆನ್ನಾಗಿ ತರಬೇತಾದ ಜರ್ಮನ್ ಶೆಫರ್ಡ್‌ನಷ್ಟು ನಂಬಿಕೆಯ ಜೀವ ಇನ್ನೊಂದಿಲ್ಲ. ನನ್ನ ಪ್ರಶ್ನೆ ಬೇರೆ. ನಾಯಿ ಬೇಕು ಎಂದವರು ಯಾರು, ಬೆಳಿಗ್ಗೆ ಆರಕ್ಕೆ ಅದರ ಬೆಲ್ಟ್ ಹಿಡಿಯುವವರು ಯಾರು? 26 ವರ್ಷಗಳಲ್ಲಿ ಕಂಡದ್ದನ್ನು ಹೇಳುತ್ತೇನೆ. ದೊಡ್ಡ ನಾಯಿ ಬೇಕೆಂದವರು ಮನೆಯ ಗಂಡಸರು ಅಥವಾ ಕಾಲೇಜಿಗೆ ಹೋಗುವ ಮಗ. ಅವರು ಕೆಲಸಕ್ಕೋ ಬೆಂಗಳೂರಿಗೋ ವಿದೇಶಕ್ಕೋ ಹೋದ ಮೇಲೆ ಅದನ್ನು ನನ್ನ ದವಾಖಾನೆಗೆ ಕರೆತರುವವರು ತಾಯಿ ಅಥವಾ ಹೆಂಡತಿ.

ರಾಟ್‌ವೈಲರ್ ಗಂಡು ಐವತ್ತು ಕಿಲೋ ತೂಗುತ್ತದೆ, ಜರ್ಮನ್ ಶೆಫರ್ಡ್ ಗಂಡು ಮೂವತ್ತರಿಂದ ನಲವತ್ತು. ಇಲ್ಲಿ ಕೂತವರಲ್ಲಿ ಎಷ್ಟು ಜನರ ತೂಕ ಐವತ್ತೈದು, ಅರವತ್ತು? ಒಂದು ಬೆಕ್ಕು ಅಡ್ಡ ಬಂತು, ನಾಯಿ ನುಗ್ಗಿತು ಅನ್ನಿ. ಬೆಲ್ಟನ್ನು ಮುಂಗೈಗೆ ಸುತ್ತಿಕೊಂಡಿದ್ದರೆ ನೀವೂ ಅದರ ಹಿಂದೆ ಹೋಗುತ್ತೀರಿ. ನನಗೆ ಗೊತ್ತಿರುವ 62 ವರ್ಷದ ಹಿರಿಯರೊಬ್ಬರು ಹೀಗೇ ಬಿದ್ದು ಮಣಿಕಟ್ಟು ಮುರಿದುಕೊಂಡರು. ಐವತ್ತು ದಾಟಿದ ಮೇಲೆ ನಮ್ಮ ಮೂಳೆ ಮೊದಲಿನಷ್ಟು ಗಟ್ಟಿ ಇರುವುದಿಲ್ಲ ಎಂಬುದು ನಿಮಗೆಲ್ಲ ಗೊತ್ತು. ಆರು ವಾರ ಕೈಗೆ ಪ್ಲಾಸ್ಟರ್. ಆ ಆರು ವಾರ ನಾಯಿಯನ್ನು ಹೊರಗೆ ಕರೆದೊಯ್ಯುವವರು ಯಾರೂ ಇಲ್ಲ. ಅದು ಬಾಲ್ಕನಿ ಸೇರಿತು. ಬಾಲ್ಕನಿಯಲ್ಲಿ ಕಟ್ಟಿದ ನಾಯಿ ದಿನೇ ದಿನೇ ಸಿಟ್ಟಾಯಿತು. ಸಿಟ್ಟಾದ ನಾಯಿಯನ್ನು ಮೊದಲು ನೆಂಟರ ಮನೆಗೆ, ಅಲ್ಲಿಂದ ಯಾರದೋ ಫಾರ್ಮ್‌ಹೌಸಿಗೆ ಸಾಗಿಸಿದರು. ಮರಿಯಿಂದ ಸಾಕಿದ ಆ ತಾಯಿ ನನ್ನ ಮುಂದೆ ಕೂತು ಅತ್ತರು. ಅವರ ಕೈ ಕೂಡಿತು, ನಾಯಿ ಹೋಯಿತು. ಇದರಲ್ಲಿ ಆ ತಾಯಿಯದೂ ತಪ್ಪಿಲ್ಲ, ನಾಯಿಯದೂ ತಪ್ಪಿಲ್ಲ. ಅವರಿಬ್ಬರ ತೂಕ ಹೊಂದಲಿಲ್ಲ, ಅಷ್ಟೇ.

ಬಾಲ್ಕನಿಯ ಮಾತು ಬಂತು, ಒಂದು ಕಾನೂನು ಹೇಳಿಬಿಡುತ್ತೇನೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ, ಸದಾ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಗೆ ತಕ್ಕಷ್ಟು ಓಡಾಟ ಮಾಡಿಸದಿರುವುದೂ ಅಪರಾಧ. ಹೊಡೆದರೆ ಮಾತ್ರ ಹಿಂಸೆ ಎಂದುಕೊಳ್ಳಬೇಡಿ.

ಹಾಗಾದರೆ ದೊಡ್ಡ ನಾಯಿ ಯಾರಿಗೆ? ನನ್ನ ಇನ್ನೊಬ್ಬ ಗ್ರಾಹಕರು ಊರಾಚೆ ಸ್ವಂತ ಬಂಗಲೆಯಲ್ಲಿ ಒಬ್ಬರೇ ಇರುವ ನಿವೃತ್ತ ಶಿಕ್ಷಕಿ. ಸುತ್ತ ಆಳೆತ್ತರದ ಕಾಂಪೌಂಡ್, ಓಡಾಡಲು ಜಾಗ. ಅವರು ಹೆಣ್ಣು ಜರ್ಮನ್ ಶೆಫರ್ಡ್ ಮರಿ ತಂದರು. ಮೊದಲ ಒಂದೂವರೆ ವರ್ಷ ದಿನಕ್ಕೆ ಎರಡು ಹೊತ್ತು ಅವರೇ ಕೂತು, ನಿಂತು ಕಲಿಸಿದರು. "ಕೂತ್ಕೋ", "ಬಿಡು", "ಸಾಕು" ಎಲ್ಲ ಅಚ್ಚ ಕನ್ನಡದಲ್ಲಿ. ಅಪರಿಚಿತರು ಆದೇಶ ಕೊಟ್ಟರೆ ಅದಕ್ಕೆ ತಿಳಿಯುವುದೇ ಇಲ್ಲ, ಅದೂ ಒಂದು ಅನುಕೂಲ! ಆ ನಾಯಿ ಗೇಟಿನ ಬಳಿ ಸುಮ್ಮನೆ ನಿಂತರೆ ಸಾಕು, ಮಾತು ಗೇಟಿನಾಚೆಯೇ ಮುಗಿಯುತ್ತದೆ. ಅಲ್ಲಿ ದೊಡ್ಡ ನಾಯಿ ಸರಿ, ಯಾಕೆಂದರೆ ಅಂಗಳ ಇದೆ, ಸಮಯ ಇದೆ, ಕಲಿಸಿದ ಕೈಯೇ ಬೆಲ್ಟ್ ಹಿಡಿಯುತ್ತದೆ. ಈ ಮೂರರಲ್ಲಿ ಒಂದು ಕಡಿಮೆಯಿದ್ದರೂ ನಾನು ಬೇಡ ಅನ್ನುತ್ತೇನೆ.

ನಮ್ಮವರು ಕೇಳುವ ಇನ್ನೊಂದು ಪ್ರಶ್ನೆ ಇದೆ. "ಡಾಕ್ಟರೇ, ನಮ್ಮದೇ ಮುಧೋಳ ನಾಯಿ ತರಬಹುದಲ್ಲ?" ಅಭಿಮಾನ ನನಗೂ ಇದೆ. ಬಾಗಲಕೋಟೆ ಜಿಲ್ಲೆಯ ಮುಧೋಳದ ಘೋರ್ಪಡೆ ರಾಜರು ಬೆಳೆಸಿದ ಈ ತಳಿಗೆ 2005ರಲ್ಲಿ ಅಂಚೆ ಚೀಟಿಯ ಗೌರವ ಸಿಕ್ಕಿತು. ಭಾರತೀಯ ಸೇನೆ ಇವುಗಳಿಗೆ ಮೀರತ್‌ನಲ್ಲಿ ತರಬೇತಿ ಕೊಟ್ಟಿದೆ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಈ ತಳಿಗಾಗಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೇ ಇದೆ. ಆದರೆ ಮುಧೋಳ ಕಣ್ಣಿನಿಂದ ಬೇಟೆ ಗುರುತಿಸಿ ಬೆನ್ನಟ್ಟುವ ನಾಯಿ. ಅದರ ಮೈಯೆಲ್ಲ ಓಟಕ್ಕೆಂದೇ ಆದದ್ದು. ಬಯಲಿನಲ್ಲಿ ಮೊಲದ ಹಿಂದೆ ಹಾರುವ ಜೀವವನ್ನು ಲಿಫ್ಟಿನಲ್ಲಿ ಇಳಿಸಿ ಪಾರ್ಕಿಂಗ್ ಸುತ್ತ ಎರಡು ಸುತ್ತು ಹಾಕಿಸಿದರೆ ಅದಕ್ಕೆ ಸಾಲದು. ತೋಟ ಹೊಲ ಇದ್ದವರಿಗೆ ಇದು ಬಲು ಚೆಂದ, ಪುಣೆ ಮುಂಬೈಯ ಫ್ಲ್ಯಾಟಿಗೆ ಅಲ್ಲ.

ಒಂದು ಸಾವಿರ ವರ್ಷದ ಹಿಂದೆಯೂ ನಮ್ಮವರಿಗೆ ನಾಯಿಯ ಬೆಲೆ ಗೊತ್ತಿತ್ತು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ 10ನೇ ಶತಮಾನದ ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ ಎಂಬ ವೀರ ಬಹುಮಾನವಾಗಿ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ದೊಡ್ಡ ಹಂದಿಯೊಂದಿಗೆ ಕಾದಾಡಿ, ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿದರು. ಹಂದಿಯ ಜೊತೆ ಕಾದಾಡುವ ನಾಯಿ ಮಣಲೇರನಿಗೆ ಬೇಕಿತ್ತು. ನಮಗೆ ಯಾವ ಕೆಲಸಕ್ಕೆ ಬೇಕು ಎಂದು ನಾವೂ ಯೋಚಿಸಬೇಕಲ್ಲವೇ?

ಖರ್ಚಿನ ಮಾತು. ನಾಯಿಯ ವೈದ್ಯದಲ್ಲಿ ಬಹಳಷ್ಟು ತೂಕದ ಲೆಕ್ಕ. ಜಂತಿನ ಗುಳಿಗೆ ಸಾಮಾನ್ಯವಾಗಿ 10 ಕಿಲೋಗೆ ಒಂದು. ಸ್ಪಿಟ್ಜ್‌ಗೆ ಒಂದೂ ಪೂರ್ತಿ ಬೇಡ, ರಾಟ್‌ವೈಲರ್‌ಗೆ ಐದು. ಉಣ್ಣೆಯ ಔಷಧ, ಅರಿವಳಿಕೆ, ಆ್ಯಂಟಿಬಯಾಟಿಕ್ ಎಲ್ಲ ಹೀಗೇ. ದೊಡ್ಡ ತಳಿಗಳಲ್ಲಿ ಸೊಂಟದ ಕೀಲು ಗುಣಿಯಲ್ಲಿ ಸರಿಯಾಗಿ ಕೂರದ ತೊಂದರೆ ಹೆಚ್ಚು. ವಯಸ್ಸಾದ ಮೇಲೆ ಎದ್ದೇಳಲಾರದ ನಲವತ್ತು ಕಿಲೋ ನಾಯಿಯನ್ನು ಎತ್ತುವವರು ಯಾರು? ಆಯುಷ್ಯವೂ ಬೇರೆ. ರಾಟ್‌ವೈಲರ್ ಎಂಟು ಹತ್ತು ವರ್ಷ, ಸಣ್ಣ ತಳಿಗಳು ಹದಿಮೂರು ಹದಿನೈದು ವರ್ಷ.

ಅಡಿಗೆಮನೆಯ ವಿಷಯವೂ ಇದೆ. ನಮ್ಮಲ್ಲಿ ಅನೇಕರ ಮನೆಯಲ್ಲಿ ಮಾಂಸ ಇರಲಿ, ಮೊಟ್ಟೆಯೂ ಬರುವುದಿಲ್ಲ. ಬರೀ ಮೊಸರನ್ನದಲ್ಲಿ ಯಾವ ನಾಯಿಯೂ ಸರಿಯಾಗಿ ಬೆಳೆಯುವುದಿಲ್ಲ, ದೊಡ್ಡ ತಳಿಯ ಮರಿಯಂತೂ ಕಾಲು ಸೊಟ್ಟಾಗಿ ನನ್ನ ಬಳಿ ಬರುತ್ತದೆ. ಸಣ್ಣ ನಾಯಿಗೆ ಪನೀರ್, ಬೇಳೆ, ತರಕಾರಿ, ವೈದ್ಯರು ಹೇಳಿದ ತಯಾರಿ ಆಹಾರ ಸೇರಿಸಿ ಹೊಂದಿಸುವುದು ಸುಲಭ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಹುಳಿ ಬೇಡ, ದ್ರಾಕ್ಷಿ ಹಾಕಿದ ಶಿರಾ ಪಾಯಸ ಬೇಡ, ಚಾಕೊಲೇಟ್ ಬೇಡವೇ ಬೇಡ. ಇವು ನಾಯಿಗೆ ವಿಷ.

ರಜೆಯಲ್ಲಿ ಊರಿಗೆ ಹೋಗುವುದು ನಮಗೆ ಹಬ್ಬವಿದ್ದಂತೆ. ರೈಲಿನಲ್ಲಿ ನಾಯಿಯನ್ನು ಜೊತೆಗೆ ಕರೆದೊಯ್ಯಬೇಕಾದರೆ ಫಸ್ಟ್ ಏಸಿಯ ಪೂರ್ತಿ ಕೂಪೆಯನ್ನೋ ಕ್ಯಾಬಿನ್ನನ್ನೋ ಕಾಯ್ದಿರಿಸಬೇಕು. ಇಲ್ಲವಾದರೆ ಗಾರ್ಡ್ ಡಬ್ಬಿಯ ಪೆಟ್ಟಿಗೆಯಲ್ಲಿ ಅದರ ಪ್ರಯಾಣ. ಕಾರಿನಲ್ಲಿ ಹೋದರೂ ಹಿಂದಿನ ಸೀಟೆಲ್ಲ ರಾಟ್‌ವೈಲರ್‌ಗೆ, ಅತ್ತೆಯವರು ಎಲ್ಲಿ ಕೂರಬೇಕು?

ಸೊಸೈಟಿಯವರ ಬಗ್ಗೆ ಎರಡು ಮಾತು. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯಂತೆ ಯಾವ ಸೊಸೈಟಿಯೂ ನಾಯಿ ಸಾಕುವುದನ್ನು ನಿಷೇಧಿಸುವಂತಿಲ್ಲ. ಸಣ್ಣದಿರಲಿ ದೊಡ್ಡದು ಬೇಡ ಎನ್ನುವಂತೆಯೂ ಇಲ್ಲ. ಅದೇ ಮಾರ್ಗಸೂಚಿ ಹೊರಗೆ ಬೆಲ್ಟ್ ಹಾಕಿ, ಹೊಲಸು ಮಾಡಿದರೆ ಎತ್ತಿ ಎಂದು ನಮಗೂ ಹೇಳುತ್ತದೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಪಶುಸಂಗೋಪನಾ ಇಲಾಖೆ ರಾಟ್‌ವೈಲರ್ ಸೇರಿದಂತೆ ಇಪ್ಪತ್ತಕ್ಕೂ ಹೆಚ್ಚು ತಳಿಗಳನ್ನು ಅಪಾಯಕಾರಿ ಎಂದು ಪಟ್ಟಿ ಮಾಡಿ ಮಾರಾಟ ತಡೆಯಲು ರಾಜ್ಯಗಳಿಗೆ ಸೂಚಿಸಿತ್ತು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದೆಂದು ಕರ್ನಾಟಕ ಹೈಕೋರ್ಟ್ ಮರುತಿಂಗಳೇ ಅದನ್ನು ರದ್ದುಮಾಡಿತು. ಆದರೆ ನಿಮ್ಮ ನಾಯಿ ಯಾರನ್ನಾದರೂ ಕಚ್ಚಿದರೆ ಹೊಣೆ ನಿಮ್ಮದೇ. ಪ್ರಾಣಿಯ ವಿಷಯದಲ್ಲಿ ನಿರ್ಲಕ್ಷ್ಯ ತೋರಿದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಆರು ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಪುಣೆ, ಮುಂಬೈ ಪಾಲಿಕೆಗಳ ಪರವಾನಗಿಯನ್ನೂ ಮರೆಯಬೇಡಿ.

ದೊಡ್ಡದು, ಸಣ್ಣದು ಎರಡೂ ಅಲ್ಲದ ಮೂರನೆಯದೊಂದಿದೆ. ನಮ್ಮ ಬೀದಿಯ ನಾಟಿ ನಾಯಿ. ತೂಕ ಹದಿನೈದು ಇಪ್ಪತ್ತು ಕಿಲೋ, ಬಿಸಿಲು ಮಳೆಗೆ ಒಗ್ಗಿದ ಮೈ, ಉದುರುವ ಕೂದಲು ಕಡಿಮೆ. ಒಂದು ಸಲ ಯಾರು ನಮ್ಮವರು ಎಂದು ತೀರ್ಮಾನಿಸಿದರೆ ಮತ್ತೆ ಬದಲಿಸುವುದಿಲ್ಲ. ಮರಿಯನ್ನು ದತ್ತು ತೆಗೆದುಕೊಂಡು, ಲಸಿಕೆ ಹಾಕಿಸಿ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ ಮನೆಯೊಳಗೆ ಬೆಳೆಸಿದರೆ ಇದಕ್ಕಿಂತ ಒಳ್ಳೆಯ ಕಾವಲು ಅಗ್ಗದಲ್ಲಿ ಸಿಗದು. ಬಟ್ಟಲು, ಬೆಲ್ಟ್ ಹಿಡಿಯಲು ಇಬ್ಬರಾದರೂ ಇರುವ ಮನೆಗೆ ನಾನು ಮೊದಲು ಹೇಳುವುದು ಇದನ್ನೇ.

ಆ ತಂಗಿಗೆ ನಾನು ಕೇಳಿದ್ದು ಐದು ಪ್ರಶ್ನೆ. ನೀವೂ ಬರೆದುಕೊಳ್ಳಿ. ದಿನಕ್ಕೆ ಎರಡು ಸಲ ಹೊರಗೆ ಕರೆದೊಯ್ಯುವವರು ಯಾರು? ಆ ವ್ಯಕ್ತಿ ಈ ನಾಯಿಯನ್ನು ಒಂದು ಕೈಯಲ್ಲಿ ಹಿಡಿದು ನಿಲ್ಲಿಸಬಲ್ಲರೇ? ಅದಕ್ಕೆ ಕಾಯಿಲೆಯಾದರೆ ಒಬ್ಬರೇ ಎತ್ತಿ ರಿಕ್ಷಾದಲ್ಲಿ ಕೂರಿಸಬಲ್ಲರೇ? ಮನೆಯಲ್ಲಿ ಬೀಳಬಾರದ ಹಿರಿಯರು, ತೆವಳುವ ಮಕ್ಕಳು ಇದ್ದಾರೆಯೇ? ಹತ್ತು ವರ್ಷದ ನಂತರ ಈ ಮನೆಯಲ್ಲಿ ಯಾರು ಉಳಿದಿರುತ್ತಾರೆ? ಮೊದಲ ಮೂರು ಪ್ರಶ್ನೆಗೂ ಉತ್ತರ "ನಾನೇ ರೀ" ಎಂದಾದಾಗ ಅವಳಿಗೇ ತಿಳಿಯಿತು, ಆರಿಸಬೇಕಾದವಳೂ ತಾನೇ ಎಂದು. ಗಂಡನ ಜೊತೆ ಎರಡು ರಾತ್ರಿ ವಾದವಾಯಿತಂತೆ. "ನೀವು ಊರಾಗ ಇರೋ ಹತ್ತು ದಿವಸಕ್ಕ ರಾಟ್‌ವೈಲರ್ ಸರಿ, ಉಳಿದ ಇಪ್ಪತ್ತು ದಿವಸಕ್ಕ ನನ್ನ ಕೈಯಾಗ ನಿಲ್ಲೋ ನಾಯಿ ಬೇಕು" ಎಂದಳಂತೆ. ಆಮೇಲೆ ಅವರು ಒಪ್ಪಿ, ಜಾಲರಿ ಬಾಗಿಲಿಗೆ ಗಟ್ಟಿ ಚಿಲಕ ಹಾಕಿಸಿಕೊಟ್ಟರು. ಊರು ಬಿಡುತ್ತಿದ್ದ ಒಂದು ಕುಟುಂಬದಿಂದ ಎರಡು ವರ್ಷದ ಹೆಣ್ಣು ಸ್ಪಿಟ್ಜ್ ಬಂತು. ಹೋದ ತಿಂಗಳು ಲಸಿಕೆಗೆ ಬಂದಾಗ ಅವಳು, "ಈಗ ಲಿಫ್ಟಿಗೆ ಬೊಗಳೋದು ಬ್ಯಾರೆ, ಬಾಗಿಲಿಗೆ ಬೊಗಳೋದು ಬ್ಯಾರೆ ಅಂತ ನನಗ ಗೊತ್ತಾಗ್ತದ್ರಿ. ಸುಮ್ಮನಿದ್ರ ನಾನೂ ನಿದ್ದಿ ಮಾಡ್ತೀನಿ" ಅಂದಳು. ಆ ನಿದ್ದೆಗಾಗಿಯೇ ಅಲ್ಲವೇ ಅವಳು ನಾಯಿ ಬೇಕೆಂದದ್ದು?

ಕೊನೆಯದಾಗಿ, ಮರಿ ತರುವುದಾದರೆ ಎಂಟು ವಾರ ತುಂಬದ ಮರಿ ಕೊಳ್ಳಬೇಡಿ. 2017ರ ನಿಯಮಗಳ ಪ್ರಕಾರ ಅದನ್ನು ಮಾರುವಂತಿಲ್ಲ. ತಾಯಿ ನಾಯಿಯನ್ನು ನೋಡಿಯೇ ಮರಿ ಆರಿಸಿ. ತಾಯಿ ಅಂಜುಬುರುಕಿಯಾಗಿದ್ದರೆ ಮರಿಯೂ ಹಾಗಾಗುವ ಸಂಭವ ಹೆಚ್ಚು. ಮೂರೂವರೆ ತಿಂಗಳೊಳಗೆ ಮರಿ ಎಷ್ಟು ಬಗೆಯ ಜನ, ಸದ್ದು, ವಸ್ತು ನೋಡುತ್ತದೋ ಅಷ್ಟು ಸ್ಥಿರವಾಗಿ ಬೆಳೆಯುತ್ತದೆ. ಕಾವಲಿನ ನಾಯಿ ಅಂತ ಯಾರನ್ನೂ ತೋರಿಸದೆ ಕೂಡಿಟ್ಟರೆ ಅದು ಕಾವಲುಗಾರ ಆಗುವುದಿಲ್ಲ, ಹೆದರಿ ಕಚ್ಚುವ ನಾಯಿ ಆಗುತ್ತದೆ.



ಸಭೆಯಲ್ಲಿ ಕೇಳಿದ ಕೆಲವು ಪ್ರಶ್ನೆಗಳು

ಪ್ರಶ್ನೆ: ದೇವರ ಮನೆ ಇರುವಲ್ಲಿ ನಾಯಿ ಓಡಾಡಬಹುದೇ? ನಮ್ಮ ಅತ್ತೆಯವರು ಒಪ್ಪುವುದಿಲ್ಲ.

ಉತ್ತರ: ದೇವರ ಮನೆಗೆ ಹೋಗಬಾರದು ಎಂದು ನಾಯಿಗೆ ಒಂದು ವಾರದಲ್ಲಿ ಕಲಿಸಬಹುದು, ಹೊಸ್ತಿಲಿಗೆ ಮಕ್ಕಳ ಗೇಟು ಹಾಕಿದರೂ ಸಾಕು. ಅತ್ತೆಯವರಿಗೆ ಜೇಜುರಿಯನ್ನು ನೆನಪಿಸಿ. ಅಲ್ಲಿಯ ಖಂಡೋಬಾ ನಮ್ಮ ಮೈಲಾರಲಿಂಗನೇ, ನಾಯಿ ಅವನ ಜೊತೆಗಾರ. ಮೈಲಾರನ ವಗ್ಗಯ್ಯಗಳು ನಾಯಿಯಂತೆ ಬೊಗಳಿ ಸೇವೆ ಮಾಡುವುದನ್ನು ಹಿರಿಯರು ನೋಡಿಯೇ ಇರುತ್ತಾರೆ.

ಪ್ರಶ್ನೆ: ಒಂದು ದೊಡ್ಡದರ ಬದಲು ಎರಡು ಸಣ್ಣ ನಾಯಿ ಸಾಕಬಹುದೇ?

ಉತ್ತರ: ಸಾಕಬಹುದು, ಆದರೆ ಎರಡನ್ನೂ ಒಟ್ಟಿಗೆ ಮರಿಯಾಗಿ ತರಬೇಡಿ. ಅವು ಒಂದಕ್ಕೊಂದು ಅಂಟಿಕೊಂಡು ನಿಮ್ಮ ಮಾತು ಕೇಳುವುದಿಲ್ಲ. ಮೊದಲನೆಯದು ಎರಡು ವರ್ಷದ್ದಾಗಿ ಚೆನ್ನಾಗಿ ಕಲಿತ ಮೇಲೆ ಎರಡನೆಯದು.

ಪ್ರಶ್ನೆ: ಮನೆಯ ನಾಯಿ ಕಚ್ಚಿದರೂ ಇಂಜೆಕ್ಷನ್ ಬೇಕೇ? ಸಣ್ಣ ನಾಯಿ, ಬರೀ ಹಲ್ಲು ತಾಗಿದ್ದು.

ಉತ್ತರ: ನಾಯಿಯ ಗಾತ್ರಕ್ಕೂ ರೇಬೀಸ್‌ಗೂ ಸಂಬಂಧವಿಲ್ಲ. ಗಾಯವನ್ನು ತಕ್ಷಣ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಮೆಣಸಿನಪುಡಿ ಏನೂ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ, ಇಂಜೆಕ್ಷನ್ ಬೇಕೋ ಬೇಡವೋ ಎಂದು ಅವರು ಹೇಳಲಿ. ಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸ್‌ಗೆ ಮದ್ದಿಲ್ಲ. ನಾಯಿಗೆ ಮೂರು ತಿಂಗಳಿಗೆ ಮೊದಲ ರೇಬೀಸ್ ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ ಪ್ರತಿ ವರ್ಷ. ಐದು ಕಿಲೋದ ನಾಯಿಗೂ ಅದೇ, ಐವತ್ತು ಕಿಲೋದ ನಾಯಿಗೂ ಅದೇ.